ಬಹುವರ್ಗ ಪಾತ್ರ: ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ವರ್ಗ ಬೆರೆಸುವ ನಿಯಮಗಳು

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಮಾತಿನಲ್ಲೇ ಕಥೆ ಕಟ್ಟುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಸಾಮಾನ್ಯವಾಗಿ ಪ್ರತಿ ಪಾತ್ರಕ್ಕೂ ಒಂದು ವರ್ಗ ಇರುತ್ತದೆ. ಆಟಗಾರರ ಬಾಯಲ್ಲಿ ಅದು ಕ್ಲಾಸ್. ಫೈಟರ್ ಕತ್ತಿ ಹಿಡಿಯುತ್ತಾನೆ, ವಿಝರ್ಡ್ ಗ್ರಂಥ ನೋಡಿ ಮಂತ್ರ ಕಲಿಯುತ್ತಾನೆ, ಕ್ಲೆರಿಕ್ ದೈವಬಲದಿಂದ ಗಾಯ ಮಾಯಿಸುತ್ತಾನೆ, ರೋಗ್ ಬೀಗ ತೆರೆಯುತ್ತಾನೆ. ಒಂದೇ ಪಾತ್ರಕ್ಕೆ ಎರಡು ಅಥವಾ ಹೆಚ್ಚು ವರ್ಗಗಳ ವಿದ್ಯೆ ಇದ್ದರೆ ಅದು ಬಹುವರ್ಗ ಪಾತ್ರ, ಅಂದರೆ ಮಲ್ಟಿಕ್ಲಾಸ್. ಈ ಪ್ರಕಾರದ ಮೂಲ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ವರ್ಗ ಬೆರೆಸುವ ನಿಯಮ ಆರಂಭದಿಂದಲೂ ಒಂದಲ್ಲ ಒಂದು ರೂಪದಲ್ಲಿ ಇದೆ, ಮತ್ತು ಹೆಚ್ಚುಕಡಿಮೆ ಪ್ರತಿ ಆವೃತ್ತಿಯಲ್ಲೂ ಅದನ್ನು ಕೆಡವಿ ಹೊಸದಾಗಿ ಕಟ್ಟಲಾಗಿದೆ.

ಪುಸ್ತಕದಲ್ಲಿ ಈ ನಿಯಮ ಹಿಡಿಯುವ ಜಾಗ ಕೆಲವೇ ಪುಟ. ಆದರೂ ಇದರಷ್ಟು ತಕರಾರು ಎಬ್ಬಿಸಿದ ನಿಯಮಗಳು ಕಡಿಮೆ. ಕಾರಣ ಸರಳ: ಪ್ರತಿ ವರ್ಗದ ಅಧ್ಯಾಯವನ್ನೂ ಆ ವರ್ಗ ಒಂಟಿಯಾಗಿಯೇ ಬೆಳೆಯುತ್ತದೆ ಎಂಬ ಎಣಿಕೆಯಲ್ಲಿ ಬರೆದಿರುತ್ತಾರೆ. ಎರಡು ವರ್ಗಗಳು ಒಂದೇ ಪಾತ್ರದಲ್ಲಿ ಸೇರಿದಾಗ, ಎರಡೂ ಕೊಡುವ ಒಂದೇ ಬಗೆಯ ಲಾಭವನ್ನು ಏನು ಮಾಡಬೇಕು? ಕೂಡಿಸಬೇಕೆ, ಎರಡರಲ್ಲಿ ದೊಡ್ಡದನ್ನು ಮಾತ್ರ ಉಳಿಸಿಕೊಳ್ಳಬೇಕೆ, ಇಲ್ಲ ಬೇರೆಬೇರೆ ಲೆಕ್ಕದಲ್ಲಿ ಇಡಬೇಕೆ? ಬಹುವರ್ಗದ ಬಗೆಗಿನ ಹೆಚ್ಚಿನ ವ್ಯಾಖ್ಯಾನದ ಜಗಳಗಳನ್ನು ಬಿಡಿಸುತ್ತ ಹೋದರೆ ಕೊನೆಗೆ ಸಿಗುವುದು ಈ ಮೂರು ಪ್ರಶ್ನೆಗಳೇ. ಉಳಿದ ಜಗಳ ಬೆಲೆಯದು: ಎರಡು ವಿದ್ಯೆ ಬೇಕೆಂದವನು ಏನನ್ನು ತೆರಬೇಕು?

ಎಲ್ಫ್‌ನಿಂದ ಶುರುವಾದದ್ದು

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ, ಟಿಎಸ್‌ಆರ್ ಸಂಸ್ಥೆಯ ಮೂಲಕ ಪ್ರಕಟವಾಯಿತು. ಆಗ ಇದ್ದದ್ದು ಮೂರೇ ವರ್ಗ: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಎಲ್ಫ್ ಕುಲದ ಪಾತ್ರಕ್ಕೆ ಮಾತ್ರ ಒಂದು ವಿಶೇಷ ಅವಕಾಶವಿತ್ತು. ಅದು ಒಂದು ಸಾಹಸಕ್ಕೆ ಯೋಧನಾಗಿ, ಮುಂದಿನ ಸಾಹಸಕ್ಕೆ ಮಾಂತ್ರಿಕನಾಗಿ ಹೋಗಬಹುದಿತ್ತು. ಆಟದ ನಡುವೆ ವೇಷ ಬದಲಿಸುವಂತಿರಲಿಲ್ಲ. ಆದರೆ ಅದೇ ನಿಯಮ ಮುಂದುವರಿದು, ಎಲ್ಫ್‌ಗೆ ಎರಡೂ ವರ್ಗಗಳ ಲಾಭ ಸಿಗುತ್ತದೆ, ಆಯುಧವನ್ನೂ ಮಂತ್ರವನ್ನೂ ಬಳಸಬಹುದು ಎಂದೂ ಹೇಳುತ್ತದೆ. ಹಾಗಾದರೆ ಇಂದು ಯೋಧನಾಗಿ ಹೊರಟ ಎಲ್ಫ್ ಇಂದೇ ಮಂತ್ರ ಹಾಕಬಹುದೇ? ಪ್ರಾಣಾಂಕವನ್ನು ಯಾವ ವರ್ಗದ ಲೆಕ್ಕದಲ್ಲಿ ಹಿಡಿಯಬೇಕು? ಪುಸ್ತಕ ಸುಮ್ಮನಿತ್ತು. ಒಂದೊಂದು ಗುಂಪು ಒಂದೊಂದು ಉತ್ತರ ಕಂಡುಕೊಂಡಿತು. ಮುಂದೆ ಬಂದ ಎಲ್ಲ ವ್ಯಾಖ್ಯಾನ ವಿವಾದಗಳ ತಾಯಿಬೇರು ಈ ಒಂದು ಪ್ಯಾರಾದಲ್ಲಿದೆ ಎಂದರೆ ತಪ್ಪಾಗದು.

ಎಲ್ಫ್ ತೆರಬೇಕಿದ್ದ ಬೆಲೆ ಮೇಲ್ಮಿತಿಯ ರೂಪದಲ್ಲಿತ್ತು: ಯೋಧನಾಗಿ 4ನೇ ಲೆವೆಲ್, ಮಾಂತ್ರಿಕನಾಗಿ 8ನೇ ಲೆವೆಲ್ ದಾಟುವಂತಿಲ್ಲ. ಮನುಷ್ಯರಿಗೆ ವರ್ಗ ಬದಲಾವಣೆಯನ್ನು ಪುಸ್ತಕ ಶಿಫಾರಸು ಮಾಡಲಿಲ್ಲ. ಬದಲಿಸಲೇಬೇಕೆಂದರೆ ಹೊಸ ವರ್ಗದ ಮುಖ್ಯ ಗುಣದಲ್ಲಿ ಕನಿಷ್ಠ 16 ಅಂಕ ಬೇಕು, ಮಾಂತ್ರಿಕ ಕ್ಲೆರಿಕ್ ಆಗುವುದೂ ಕ್ಲೆರಿಕ್ ಮಾಂತ್ರಿಕನಾಗುವುದೂ ಕೂಡದು ಎಂದು ಕಟ್ಟು ಹಾಕಿತು. 1981ರ ಬೇಸಿಕ್ ಆವೃತ್ತಿ ಗೊಂದಲವನ್ನು ಇನ್ನೊಂದು ದಾರಿಯಿಂದ ಬಗೆಹರಿಸಿತು. ಅಲ್ಲಿ ಎಲ್ಫ್ ಎಂಬುದೇ ಒಂದು ವರ್ಗ. ಕತ್ತಿ, ಕವಚ, ಮಂತ್ರ ಎಲ್ಲ ಅದರಲ್ಲೇ ಅಡಕ. ಬದಲಿಗೆ ಫೈಟರ್ 2,000 ಅನುಭವಾಂಕಕ್ಕೆ ಏರುವ 2ನೇ ಲೆವೆಲ್ ಎಲ್ಫ್‌ಗೆ 4,000 ಅಂಕಕ್ಕೆ ಸಿಗುತ್ತದೆ. ಬೆರೆಸುವ ಪ್ರಶ್ನೆಯೇ ಇಲ್ಲ, ಹಾಗಾಗಿ ವ್ಯಾಖ್ಯಾನವೂ ಬೇಡ.

ಹಂಚಿಕೊಂಡ ಅನುಭವಾಂಕ

1978ರಲ್ಲಿ ಬಂದ ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಆಟಗಾರರ ಕೈಪಿಡಿ ಎರಡು ಬೇರೆಬೇರೆ ಪದ್ಧತಿಗಳನ್ನು ಸ್ಥಿರಗೊಳಿಸಿತು. ಮೊದಲ ಆವೃತ್ತಿ ಎನ್ನುವುದು ಇದನ್ನೇ; 1989ರ ಎರಡನೇ ಆವೃತ್ತಿ ಆ ಪದ್ಧತಿಗಳನ್ನು ತುಸು ತಿದ್ದಿ ಮುಂದುವರಿಸಿತು. ಮನುಷ್ಯರಲ್ಲದ ಕುಲಗಳಿಗೆ ಬಹುವರ್ಗ: ಮೊದಲ ದಿನದಿಂದಲೇ ಎರಡು ಅಥವಾ ಮೂರು ವರ್ಗ, ಗಳಿಸಿದ ಅನುಭವಾಂಕ ಸಮಪಾಲು. ಮನುಷ್ಯರಿಗೆ ದ್ವಿವರ್ಗ: ಒಂದು ವರ್ಗದಲ್ಲಿ ಬೆಳೆದು, ಅದನ್ನು ನಿಲ್ಲಿಸಿ, ಇನ್ನೊಂದರಲ್ಲಿ ಮತ್ತೆ 1ನೇ ಲೆವೆಲ್‌ನಿಂದ ಆರಂಭ.

ಸಮಪಾಲು ಎಂದರೆ ಅರ್ಧ ಶಕ್ತಿ ಎಂದು ಓದಿದವರು ಬಹಳ. ಕೋಷ್ಟಕ ನೋಡಿದರೆ ಕಥೆ ಬೇರೆ. ಎರಡನೇ ಆವೃತ್ತಿಯಲ್ಲಿ ಫೈಟರ್‌ಗೆ ಬೇಕಾದ ಅಂಕ 2,000, 4,000, 8,000, 16,000, 32,000, 64,000 ಎಂದು ದುಪ್ಪಟ್ಟಾಗುತ್ತ ಹೋಗುತ್ತದೆ. ದುಪ್ಪಟ್ಟಾಗುವ ಸರಣಿಯಲ್ಲಿ ಅರ್ಧ ಕಳೆದುಕೊಂಡರೆ ನಷ್ಟ ಒಂದೇ ಮೆಟ್ಟಿಲು. 64,000 ಅಂಕ ಗಳಿಸಿದ ಒಂಟಿ ಫೈಟರ್ 7ನೇ ಲೆವೆಲ್‌ನಲ್ಲಿದ್ದರೆ, ಅಷ್ಟೇ ಗಳಿಸಿದ ಎಲ್ಫ್ ಫೈಟರ್-ಮೇಜ್ (ಮೇಜ್ ಎಂದರೆ ಮಾಂತ್ರಿಕ) 32,000 ಪಾಲಿನಲ್ಲಿ 6ನೇ ಲೆವೆಲ್ ಫೈಟರ್, ಜೊತೆಗೆ 5ನೇ ಲೆವೆಲ್ ಮೇಜ್. ಒಂದು ಲೆವೆಲ್ ಬಿಟ್ಟುಕೊಟ್ಟು ಇಡೀ ಇನ್ನೊಂದು ವರ್ಗವನ್ನು ಪಡೆದ ಹಾಗಾಯಿತು. ಈ ಲಾಭ ಕರಗುವುದು ಮೇಲೆ, 9ನೇ ಲೆವೆಲ್ ದಾಟಿದ ಮೇಲೆ. ಅಲ್ಲಿ ಪ್ರತಿ ಲೆವೆಲ್‌ಗೂ 2,50,000 ಅಂಕ ಬೇಕು. 20 ಲಕ್ಷ ಗಳಿಸಿದ ಒಂಟಿ ಫೈಟರ್ 16ನೇ ಲೆವೆಲ್‌ನಲ್ಲಿರುವಾಗ ಹಂಚಿಕೊಂಡವನು 12ರಲ್ಲೇ ಉಳಿಯುತ್ತಾನೆ. ಇದಕ್ಕೆ ಕುಲದ ಮೇಲ್ಮಿತಿಯೂ ಸೇರುತ್ತದೆ. ಒಂದು ವರ್ಗ ಮಿತಿ ಮುಟ್ಟಿ ನಿಂತರೂ ಅದರ ಪಾಲಿನ ಅಂಕ ಅದಕ್ಕೇ ಹೋಗಿ ವ್ಯರ್ಥವಾಗಬೇಕು ಎಂಬುದು ನಿಯಮ. ಆದರೆ ಎಷ್ಟು ಆಟಗಳು ಅಷ್ಟು ಎತ್ತರಕ್ಕೆ ಹೋಗುತ್ತಿದ್ದವು? ತೆರಬೇಕಾದ ಬೆಲೆಯನ್ನು ಹೆಚ್ಚಿನವರು ತಲುಪದ ಊರಿನಲ್ಲಿ ಇಟ್ಟದ್ದು ಈ ಪದ್ಧತಿಯ ದೌರ್ಬಲ್ಯ.

ಕೂಡಿಸು, ದೊಡ್ಡದನ್ನು ಉಳಿಸು, ಬೇರೆ ಇಡು ಎಂಬ ಮೂರರ ಜೊತೆ ಇಲ್ಲಿ ನಾಲ್ಕನೆಯದೂ ಇತ್ತು: ಸರಾಸರಿ. ಪ್ರಾಣಾಂಕಕ್ಕೆ ಎರಡೂ ವರ್ಗಗಳ ದಾಳ ಉರುಳಿಸಿ ಅರ್ಧ ಮಾಡಬೇಕು. ಸೇವಿಂಗ್ ಥ್ರೋ (ಅಪಾಯದಿಂದ ಪಾರಾಗಲು ಉರುಳಿಸುವ ದಾಳ) ಮತ್ತು ಹೊಡೆತದ ಲೆಕ್ಕದಲ್ಲಿ ಉತ್ತಮವಾದದ್ದು ನಿಲ್ಲುತ್ತದೆ. ಮಂತ್ರಗಳು ತಂತಮ್ಮ ವರ್ಗದ ಲೆಕ್ಕದಲ್ಲೇ ಇರುತ್ತವೆ. ನಿರ್ಬಂಧಗಳ ವಿಷಯ ಮಾತ್ರ ಆವೃತ್ತಿಯಿಂದ ಆವೃತ್ತಿಗೆ ಓಲಾಡಿತು. ಕ್ಲೆರಿಕ್ ಹರಿತ ಆಯುಧ ಹಿಡಿಯಬಾರದು. ಫೈಟರ್ ಯಾವುದನ್ನಾದರೂ ಹಿಡಿಯಬಹುದು. ಫೈಟರ್-ಕ್ಲೆರಿಕ್? ಮೊದಲ ಆವೃತ್ತಿ ಹರಿತ ಆಯುಧಕ್ಕೆ ಒಪ್ಪಿತು, ಎರಡನೆಯದು ಒಪ್ಪಲಿಲ್ಲ. ಒಂದನ್ನು ವಿದ್ಯೆಯೆಂದೂ ಇನ್ನೊಂದನ್ನು ವ್ರತವೆಂದೂ ಕಂಡರೆ ಎರಡನೇ ಆವೃತ್ತಿಯ ತೀರ್ಪೇ ಸರಿ ಎನಿಸುತ್ತದೆ. ಯೋಧನಾದ ಮಾತ್ರಕ್ಕೆ ವ್ರತ ಮುರಿಯುವ ಹಕ್ಕು ಬರುವುದಿಲ್ಲ. ಮೇಜ್ ಕವಚದ ಬಗ್ಗೆಯೂ ಅದು ಇದೇ ದಾರಿ ಹಿಡಿಯಿತು: ಎಲ್ಫ್‌ಗಳ ಸಪೂರ ಸರಪಳಿ ಕವಚದ ಹೊರತು ಬೇರೆ ಕವಚ ತೊಟ್ಟ ಫೈಟರ್-ಮೇಜ್ ಮಂತ್ರ ಹಾಕುವಂತಿಲ್ಲ.

ದ್ವಿವರ್ಗದ ನಿಯಮ ಇನ್ನೂ ವಿಚಿತ್ರ. ಹಳೆಯ ವರ್ಗದ ಮುಖ್ಯ ಗುಣದಲ್ಲಿ 15, ಹೊಸದರಲ್ಲಿ 17 ಅಂಕ ಇರಬೇಕು. ಹೊಸ ವರ್ಗದ ಲೆವೆಲ್ ಹಳೆಯದನ್ನು ಮೀರುವವರೆಗೆ ಹಳೆಯ ವಿದ್ಯೆ ಬಳಸಿದರೆ ದಂಡ: ಎರಡನೇ ಆವೃತ್ತಿಯ ಪ್ರಕಾರ ಆ ಕಾಳಗದ ಅನುಭವಾಂಕ ಪೂರ್ತಿ ಹೋಗುತ್ತದೆ, ಇಡೀ ಸಾಹಸದ ಅಂಕ ಅರ್ಧವಾಗುತ್ತದೆ. 8ನೇ ಲೆವೆಲ್ ಫೈಟರ್ ಆಗಿದ್ದವನು ಮೇಜ್ ಆದ ಮೇಲೆ, ಕತ್ತಿ ಎತ್ತಿದರೆ ಬದುಕುತ್ತೇನೆ ಆದರೆ ಕಲಿಯುವುದಿಲ್ಲ ಎಂಬ ಇಕ್ಕಟ್ಟಿನಲ್ಲಿ ತಿಂಗಳುಗಟ್ಟಲೆ ಆಡಬೇಕು. ಮೊದಲ ಆವೃತ್ತಿಯ ಅನುಬಂಧದಲ್ಲಿದ್ದ ಬಾರ್ಡ್ ಈ ದಾರಿಯ ತುತ್ತತುದಿ: ಮೊದಲು ಫೈಟರ್, ನಂತರ ಥೀಫ್, ಆಮೇಲೆ ಡ್ರೂಯಿಡ್‌ಗಳ ಬಳಿ ಶಿಷ್ಯವೃತ್ತಿ, ಆಗ ಬಾರ್ಡ್. ಮನುಷ್ಯರಷ್ಟೇ ಅಲ್ಲ, ಹಾಫ್ ಎಲ್ಫ್ ಕೂಡ ಈ ದಾರಿ ಹಿಡಿಯಬಹುದಿತ್ತು. ವರ್ಗ ಬದಲಾವಣೆ ಮನುಷ್ಯರಿಗೆ ಮಾತ್ರ ಎಂಬ ತನ್ನದೇ ಮಾತನ್ನು ಪುಸ್ತಕ ಹೀಗೆ ಅನುಬಂಧದಲ್ಲಿ ಸದ್ದಿಲ್ಲದೆ ಮುರಿಯಿತು.

2000: ಎಲ್ಲರಿಗೂ ತೆರೆದ ಬಾಗಿಲು

1997ರಲ್ಲಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು. ಜೊನಾಥನ್ ಟ್ವೀಟ್, ಮಾಂಟಿ ಕುಕ್, ಸ್ಕಿಪ್ ವಿಲಿಯಮ್ಸ್ ರೂಪಿಸಿದ ಮೂರನೇ ಆವೃತ್ತಿ 2000ದಲ್ಲಿ ಬಂತು. ಇದು ಹಳೆಯ ಎರಡೂ ಪದ್ಧತಿಗಳನ್ನು ಕಿತ್ತುಹಾಕಿತು. ಎಲ್ಲ ವರ್ಗಕ್ಕೂ ಒಂದೇ ಅನುಭವಾಂಕ ಕೋಷ್ಟಕ; ಪ್ರತಿ ಸಲ ಲೆವೆಲ್ ಏರಿದಾಗ ಯಾವ ವರ್ಗದಲ್ಲಿ ಏರಬೇಕೆಂದು ಆಟಗಾರನೇ ಆರಿಸಿಕೊಳ್ಳಬಹುದು; ಕುಲದ ಅಡ್ಡಿ ಇಲ್ಲ. 5ನೇ ಲೆವೆಲ್ ಪಾತ್ರ ಎಂದರೆ ಫೈಟರ್ 3, ವಿಝರ್ಡ್ 2 ಇರಬಹುದು. ವಿನ್ಯಾಸವಾಗಿ ಇದು ಇಡೀ ಇತಿಹಾಸದ ಅತಿ ಚೊಕ್ಕ ಉತ್ತರ. ಆಟವಾಗಿ, ಅತಿ ಹೆಚ್ಚು ಲೆಕ್ಕಿಗರನ್ನು ಹುಟ್ಟುಹಾಕಿದ ಉತ್ತರ.

ಏಕೆಂದರೆ ಇಲ್ಲಿ ಮುಖ್ಯ ತತ್ವ ಕೂಡಿಸುವುದು, ಮತ್ತು ಕೂಡುವ ಸಂಖ್ಯೆಗಳು ಮೊದಲ ಲೆವೆಲ್‌ನಲ್ಲೇ ದಪ್ಪ. ಒಳ್ಳೆಯ ಸೇವಿಂಗ್ ಥ್ರೋ 1ನೇ ಲೆವೆಲ್‌ಗೆ +2ರಿಂದ ಆರಂಭವಾಗುತ್ತದೆ. 3ನೇ ಲೆವೆಲ್ ಒಂಟಿ ಫೈಟರ್‌ನ ಫಾರ್ಟಿಟ್ಯೂಡ್ ಎಂಬ ಸೇವಿಂಗ್ ಥ್ರೋ +3. ಫೈಟರ್, ಬಾರ್ಬೇರಿಯನ್, ರೇಂಜರ್ ಮೂರರಲ್ಲೂ ಒಂದೊಂದು ಲೆವೆಲ್ ಪಡೆದವನದು +6. ತಿರುಗುಮುರುಗು ಅನ್ಯಾಯವೂ ಇತ್ತು. ರೋಗ್, ಕ್ಲೆರಿಕ್, ಬಾರ್ಡ್, ವಿಝರ್ಡ್ ಪ್ರತಿಯೊಂದರ ದಾಳಿಬಲವೂ 1ನೇ ಲೆವೆಲ್‌ನಲ್ಲಿ +0. ನಾಲ್ಕನ್ನೂ ಒಂದೊಂದು ಕಲಿತವನ ದಾಳಿಬಲ ಸೊನ್ನೆ, ಆದರೆ 4ನೇ ಲೆವೆಲ್ ವಿಝರ್ಡ್‌ನದೂ +2. ಪ್ರತಿ ವರ್ಗದ ಕೋಷ್ಟಕದಲ್ಲಿ ಭಿನ್ನರಾಶಿಯನ್ನು ಕತ್ತರಿಸಿ ನಂತರ ಕೂಡಿದ್ದರ ಫಲ ಇದು. ಮೊದಲು ಭಿನ್ನರಾಶಿಗಳನ್ನು ಕೂಡಿ ಆಮೇಲೆ ಕತ್ತರಿಸಿ ಎಂಬ ಐಚ್ಛಿಕ ತಿದ್ದುಪಡಿ 2004ರ ಅನ್‌ಅರ್ತ್‌ಡ್ ಆರ್ಕಾನಾ ಪುಸ್ತಕದಲ್ಲಿ ಬಂತು.

ಕ್ರಮವೂ ಬೆಲೆಯುಳ್ಳದ್ದಾಯಿತು. ಪಾತ್ರದ ಮೊಟ್ಟಮೊದಲ ಲೆವೆಲ್‌ನಲ್ಲಿ ಕೌಶಲಾಂಕ ನಾಲ್ಕು ಪಟ್ಟು. ಬುದ್ಧಿಯಿಂದ ಹೆಚ್ಚುವರಿ ಇಲ್ಲದ, ಮನುಷ್ಯನಲ್ಲದ ಪಾತ್ರ ಮೊದಲು ರೋಗ್, ನಂತರ ಫೈಟರ್ ಆದರೆ 34 ಅಂಕ. ಮೊದಲು ಫೈಟರ್, ನಂತರ ರೋಗ್ ಆದರೆ 16. ಕಾಗದದ ಮೇಲೆ ಇಬ್ಬರೂ ಫೈಟರ್ 1, ರೋಗ್ 1. ಅಸಮವಾಗಿ ಬೆಳೆಸಿದವರಿಗೆ ದಂಡವಿತ್ತು: ಕುಲಕ್ಕೆ ಮೆಚ್ಚಿನದೆಂದು ಗೊತ್ತಾದ ವರ್ಗ ಬಿಟ್ಟು ಉಳಿದವು ಒಂದಕ್ಕೊಂದು ಒಂದು ಲೆವೆಲ್‌ಗಿಂತ ಹೆಚ್ಚು ಹಿಂದೆಮುಂದೆ ಆದರೆ ಶೇ 20 ಅನುಭವಾಂಕ ಕಡಿತ. ಓದಲು ಗಟ್ಟಿ ನಿಯಮ. ಆದರೆ ಲೆಕ್ಕ ಇಡುವ ತಲೆನೋವಿಗೆ ಅಂಜಿ ಬಹಳ ಕಡೆ ಅದನ್ನು ಬಿಟ್ಟೇ ಆಡುತ್ತಿದ್ದರು. 2009ರಲ್ಲಿ ಪೈಝೋ ಸಂಸ್ಥೆ ಇದೇ ನಿಯಮಗಳ ತಳಹದಿಯಲ್ಲಿ ಪಾತ್‌ಫೈಂಡರ್ ಹೊರತಂದಾಗ ದಂಡವನ್ನು ತೆಗೆದು, ಮೆಚ್ಚಿನ ವರ್ಗದಲ್ಲೇ ಉಳಿದವರಿಗೆ ಪ್ರತಿ ಲೆವೆಲ್‌ಗೂ ಒಂದು ಪ್ರಾಣಾಂಕ ಅಥವಾ ಕೌಶಲಾಂಕ ಕೊಟ್ಟಿತು.

ಮಂತ್ರವಾದಿಗಳ ಗತಿ ಮಾತ್ರ ಎರಡು ದೋಣಿಯಲ್ಲಿ ಕಾಲಿಟ್ಟವರದು. ವಿಝರ್ಡ್ ಮಂತ್ರ ಒಂದು ಲೆಕ್ಕ, ಕ್ಲೆರಿಕ್ ಮಂತ್ರ ಇನ್ನೊಂದು ಲೆಕ್ಕ. ಕೂಡುವುದು ಯಾವುದೂ ಇಲ್ಲ. ವಿಝರ್ಡ್ 5, ಕ್ಲೆರಿಕ್ 5 ಆದ 10ನೇ ಲೆವೆಲ್ ಪಾತ್ರ, 10ನೇ ಲೆವೆಲ್ ಶತ್ರುವಿನ ಮುಂದೆ 5ನೇ ಲೆವೆಲ್ ಮಂತ್ರವಾದಿಯ ಬಲದಲ್ಲಿ ನಿಲ್ಲಬೇಕು. ಇದಕ್ಕೆ ತೇಪೆಯಾಗಿ 2003ರ ಪರಿಷ್ಕರಣೆಯಲ್ಲಿ ಮಿಸ್ಟಿಕ್ ಥಿಯರ್ಜ್ ಎಂಬ ಪ್ರೆಸ್ಟೀಜ್ ವರ್ಗ ಬಂತು: ಎರಡರಲ್ಲೂ 3ನೇ ಲೆವೆಲ್ ಮುಟ್ಟಿದವನು ಅದಕ್ಕೆ ಸೇರಿದರೆ ಮುಂದಿನ ಪ್ರತಿ ಲೆವೆಲ್ ಎರಡೂ ಬದಿಗೆ ಸಲ್ಲುತ್ತದೆ. ಬೆರೆಸುವ ನಿಯಮ ಮಾಡಲಾಗದ್ದನ್ನು ಹೊಸ ವರ್ಗವೊಂದು ಮಾಡಿತು.

2008ರ ನಾಲ್ಕನೇ ಆವೃತ್ತಿ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಬೇರೆ ವರ್ಗದ ರುಚಿ ಬೇಕೆಂದರೆ ಒಂದು ಫೀಟ್ (ಆಯ್ದುಕೊಳ್ಳುವ ವಿಶೇಷ ಸಾಮರ್ಥ್ಯ) ಖರ್ಚು ಮಾಡಿ ಚೂರು ಪಡೆಯಬೇಕು, ಅದೂ ಸಾಮಾನ್ಯವಾಗಿ ಒಂದೇ ವರ್ಗದಿಂದ. 2010ರಲ್ಲಿ ಅರ್ಧ-ಅರ್ಧ ಬೆಸೆಯುವ ಹೈಬ್ರಿಡ್ ಪಾತ್ರ ಸೇರಿತು. 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯೂ ಫೀಟ್ ಮಾರ್ಗವನ್ನೇ ಹಿಡಿಯಿತು. ಒಂದು ವರ್ಗಕ್ಕೆ ದೀಕ್ಷೆ ಪಡೆದವರು ಅಲ್ಲಿ ಅದೇ ದೀಕ್ಷೆಯ ಇನ್ನೆರಡು ಫೀಟ್ ಪಡೆಯುವ ತನಕ ಮತ್ತೊಂದು ದೀಕ್ಷೆಗೆ ಹೋಗುವಂತಿಲ್ಲ. ತಕರಾರು ಕಡಿಮೆಯಾಯಿತು, ಹುಚ್ಚಾಟದ ಸೊಗಸೂ ಕಡಿಮೆಯಾಯಿತು.

ಐದನೇ ಆವೃತ್ತಿ ಮತ್ತು ಮಂತ್ರದ ಸ್ಲಾಟ್

2014ರ ಐದನೇ ಆವೃತ್ತಿ ಲೆವೆಲ್‌ಗೊಂದು ವರ್ಗದ ಪದ್ಧತಿಗೆ ಮರಳಿತು, ಆದರೆ ಐಚ್ಛಿಕ ನಿಯಮವಾಗಿ: ಆಟ ನಡೆಸುವ ಡಂಜನ್ ಮಾಸ್ಟರ್ ಒಪ್ಪಿದರೆ ಮಾತ್ರ. ಬಿಡುವ ವರ್ಗ, ಸೇರುವ ವರ್ಗ ಎರಡರ ಮುಖ್ಯ ಗುಣದಲ್ಲೂ 13 ಅಂಕ ಬೇಕು. ಸೇರುವ ವರ್ಗಕ್ಕಷ್ಟೇ ಸಾಕು ಎಂದು ಓದುವುದು ಸಾಮಾನ್ಯ ತಪ್ಪು. ಸೇವಿಂಗ್ ಥ್ರೋ ಪರಿಣತಿ ಮೊದಲ ವರ್ಗದಿಂದ ಮಾತ್ರ ಬರುತ್ತದೆ. ಫೈಟರ್ ಆಗಿ ಆರಂಭಿಸಿದವನಿಗೆ ಭಾರಿ ಕವಚದ ಪರಿಣತಿ ಇದೆ; ನಡುವೆ ಫೈಟರ್‌ಗೆ ಬಂದವನಿಗೆ ಇಲ್ಲ.

ಇಲ್ಲಿ ವ್ಯಾಖ್ಯಾನದ ಮೊದಲ ಕೆಲಸ, ಯಾವ ಲೆವೆಲ್ ಎಂದು ಕೇಳುವುದು. ಪಾತ್ರದ ಒಟ್ಟು ಲೆವೆಲ್, ವರ್ಗದ ಲೆವೆಲ್, ಮಂತ್ರದ ಲೆವೆಲ್ ಮೂರಕ್ಕೂ ಪುಸ್ತಕ ಬಳಸುವುದು ಒಂದೇ ಪದ. 1978ರಲ್ಲೇ ಗೈಗ್ಯಾಕ್ಸ್ ಈ ಗೋಜಲನ್ನು ಗುರುತಿಸಿ, ಬೇರೆ ಪದಗಳನ್ನು ಯೋಚಿಸಿದ್ದಾಗಿಯೂ ರೂಢಿಯನ್ನೇ ಉಳಿಸಿಕೊಂಡದ್ದಾಗಿಯೂ ವಿವರಿಸಿದ್ದರು. ಐದನೇ ಆವೃತ್ತಿಯಲ್ಲಿ ಪ್ರೊಫಿಶಿಯನ್ಸಿ ಬೋನಸ್ ಮತ್ತು ಕ್ಯಾಂಟ್ರಿಪ್‌ಗಳ (ಎಷ್ಟು ಸಲವಾದರೂ ಹಾಕಬಹುದಾದ ಸಣ್ಣ ಮಂತ್ರಗಳ) ಬಲ ಒಟ್ಟು ಲೆವೆಲ್‌ಗೆ ಸೇರಿದ್ದು. ರೋಗ್‌ನ ಸ್ನೀಕ್ ಅಟ್ಯಾಕ್, ಮಾಂಕ್‌ನ ಮುಷ್ಟಿ ದಾಳ ವರ್ಗದ ಲೆವೆಲ್‌ಗೆ. ಆದ್ದರಿಂದಲೇ ವಾರ್ಲಾಕ್‌ನಲ್ಲಿ ಎರಡೇ ಲೆವೆಲ್ ಪಡೆದವನ ಎಲ್ಡ್ರಿಚ್ ಬ್ಲಾಸ್ಟ್ ಎಂಬ ಕ್ಯಾಂಟ್ರಿಪ್ ಕೂಡ 17ನೇ ಲೆವೆಲ್‌ನಲ್ಲಿ ನಾಲ್ಕು ಕಿರಣ ಹಾರಿಸುತ್ತದೆ. ಬೇರೆ ವರ್ಗದಲ್ಲಿ ಹೀಗೆ ಒಂದೆರಡು ಲೆವೆಲ್ ಮುಳುಗಿ ಬರುವುದನ್ನು ಆಟಗಾರರು ಡಿಪ್ ಎನ್ನುತ್ತಾರೆ.

ಅತ್ಯಂತ ತೊಡಕಿನ ಭಾಗ ಮಂತ್ರದ ಸ್ಲಾಟ್. ಸ್ಲಾಟ್ ಎಂದರೆ ದಿನಕ್ಕೆ ಇಂತಿಷ್ಟು ಮಂತ್ರ ಹಾಕುವ ಶಕ್ತಿ. ವಿಝರ್ಡ್, ಕ್ಲೆರಿಕ್, ಸಾರ್ಸರರ್ ಮೊದಲಾದ ಪೂರ್ಣ ಮಂತ್ರವರ್ಗಗಳ ಲೆವೆಲ್ ಇಡಿಯಾಗಿ, ಪ್ಯಾಲಡಿನ್ ಮತ್ತು ರೇಂಜರ್ ಲೆವೆಲ್ ಅರ್ಧವಾಗಿ, ಫೈಟರ್ ಮತ್ತು ರೋಗ್‌ನ ಮಂತ್ರ ಬಲ್ಲ ಉಪವರ್ಗಗಳದು ಮೂರನೇ ಒಂದಾಗಿ ಕೂಡಬೇಕು. ಆ ಮೊತ್ತಕ್ಕೆ ಒಂದು ಸಾಮಾನ್ಯ ಕೋಷ್ಟಕದಲ್ಲಿ ಸ್ಲಾಟ್ ಸಿಗುತ್ತದೆ. ಮೂರನೇ ಆವೃತ್ತಿ ಬೇರೆ ಇಟ್ಟದ್ದನ್ನು ಇದು ಕೂಡಿಸಿತು. ಆದರೆ ಯಾವ ಮಂತ್ರ ಕಲಿಯಬಹುದು ಎಂಬುದನ್ನು ಮಾತ್ರ ಪ್ರತಿ ವರ್ಗಕ್ಕೆ ಬೇರೆಬೇರೆಯಾಗಿ, ಆ ವರ್ಗ ಒಂಟಿಯಾಗಿದ್ದಂತೆಯೇ ನಿರ್ಧರಿಸಬೇಕು. ವಿಝರ್ಡ್ 1, ಕ್ಲೆರಿಕ್ 4 ಆದ ಪಾತ್ರದ ಮೊತ್ತ 5. ಹಾಗಾಗಿ 3ನೇ ಲೆವೆಲ್ ಸ್ಲಾಟ್ ಎರಡು ಇವೆ. ಅದರಲ್ಲಿ ಹಾಕಲು 3ನೇ ಲೆವೆಲ್ ಮಂತ್ರ ಒಂದೂ ಇಲ್ಲ. ಕೆಳಗಿನ ಮಂತ್ರವನ್ನೇ ಆ ಸ್ಲಾಟ್‌ನಲ್ಲಿ ಹೆಚ್ಚು ಬಲದಿಂದ ಹಾಕಬೇಕು, ಕ್ಯೂರ್ ವೂಂಡ್ಸ್‌ನಿಂದ ಇನ್ನಷ್ಟು ಗಾಯ ಮಾಯಿಸಿದ ಹಾಗೆ.

ತಕರಾರು ಹುಟ್ಟಿದ್ದು ವಿಝರ್ಡ್‌ನ ಮಂತ್ರಪುಸ್ತಕದಿಂದ. ಸಿಕ್ಕ ಮಂತ್ರವನ್ನು ಪುಸ್ತಕಕ್ಕೆ ನಕಲು ಮಾಡಿಕೊಳ್ಳಲು ಆ ಲೆವೆಲ್‌ನ ಸ್ಲಾಟ್ ಇದ್ದರೆ ಸಾಕು ಎಂಬ ಅರ್ಥ ಬರುವಂತೆ ವರ್ಗದ ಅಧ್ಯಾಯದಲ್ಲಿದೆ. ಮೇಲಿನ ಪಾತ್ರಕ್ಕೆ ಸ್ಲಾಟ್ ಇದೆ. ಹಾಗಾದರೆ ಒಂದೇ ಲೆವೆಲ್ ವಿಝರ್ಡ್ 3ನೇ ಲೆವೆಲ್ ಮಂತ್ರವಾದ ಫೈರ್‌ಬಾಲ್ ನಕಲು ಮಾಡಬಹುದೇ? ಅಕ್ಷರಕ್ಕೆ ಅಂಟಿಕೊಂಡವರು ಹೌದೆಂದರು. ಬಹುವರ್ಗದ ವಿಭಾಗ ಮಾತ್ರ ಒಂಟಿ ವರ್ಗದಂತೆ ಲೆಕ್ಕ ಹಾಕಿ ಎನ್ನುತ್ತದೆ; ರೇಂಜರ್ 4, ವಿಝರ್ಡ್ 3 ಆದ ಪಾತ್ರವನ್ನು ಉದಾಹರಣೆಯಾಗಿ ಕೊಟ್ಟು, ಅದಕ್ಕೆ 3ನೇ ಲೆವೆಲ್ ಸ್ಲಾಟ್ ಇದ್ದರೂ ಆ ಲೆವೆಲ್‌ನ ಮಂತ್ರ ಗೊತ್ತಿಲ್ಲ ಎಂದು ತೋರಿಸುತ್ತದೆ. ವಿಶೇಷ ನಿಯಮ ಸಾಮಾನ್ಯ ನಿಯಮವನ್ನು ಮೀರುತ್ತದೆ ಎಂಬುದು ಈ ಆವೃತ್ತಿಯ ಮೂಲಸೂತ್ರ. ಬಹುವರ್ಗ ಪಾತ್ರದ ಮಟ್ಟಿಗೆ ಬಹುವರ್ಗದ ವಿಭಾಗವೇ ವಿಶೇಷ. ಹಾಗಾಗಿ ಫೈರ್‌ಬಾಲ್ ಇಲ್ಲ.

ಅರ್ಧ ಮಾಡುವಾಗ ಉಳಿಯುವ ಚೂರಿನದೂ ಒಂದು ಕಥೆ. 2014ರ ನಿಯಮದಲ್ಲಿ ಅರ್ಧವನ್ನು ಕೆಳಕ್ಕೆ ಇಳಿಸಬೇಕು. ಒಂಟಿ ಪ್ಯಾಲಡಿನ್ 5ನೇ ಲೆವೆಲ್‌ನಲ್ಲಿ ನಾಲ್ಕು 1ನೇ ಲೆವೆಲ್, ಎರಡು 2ನೇ ಲೆವೆಲ್ ಸ್ಲಾಟ್ ಪಡೆಯುತ್ತಾನೆ. ಅವನು ಸಾರ್ಸರರ್‌ನಲ್ಲಿ ಒಂದು ಲೆವೆಲ್ ಏರಿದರೆ 2 ಕೂಡಿಸು 1, ಮೊತ್ತ 3. ಸ್ಲಾಟ್ ಮತ್ತೆ ಅಷ್ಟೇ, ನಾಲ್ಕು ಮತ್ತು ಎರಡು. ಪೂರ್ಣ ಮಂತ್ರವರ್ಗದ ಒಂದು ಲೆವೆಲ್‌ನಿಂದ ಒಂದು ಸ್ಲಾಟ್ ಕೂಡ ಹೆಚ್ಚಲಿಲ್ಲ. 2024ರ ಪರಿಷ್ಕೃತ ಕೈಪಿಡಿ ಪ್ಯಾಲಡಿನ್, ರೇಂಜರ್ ಇಬ್ಬರ ಅರ್ಧವನ್ನೂ ಮೇಲಕ್ಕೆ ಏರಿಸುವಂತೆ ತಿದ್ದಿತು. ಎಲ್ಲ ಉಪವರ್ಗಗಳನ್ನೂ 3ನೇ ಲೆವೆಲ್‌ಗೆ ಸರಿಸಿ, ಒಂದೇ ಲೆವೆಲ್ ಮುಳುಗಿ ಉಪವರ್ಗದ ಸವಲತ್ತು ಎತ್ತಿಕೊಂಡು ಬರುವ ಅಭ್ಯಾಸಕ್ಕೂ ಕಡಿವಾಣ ಹಾಕಿತು.

ವಾರ್ಲಾಕ್‌ನ ಸ್ಲಾಟ್‌ಗಳು ಈ ಮೊತ್ತದ ಹೊರಗೆ, ಬೇರೆ ಲೆಕ್ಕ. ಅವು ಚಿಕ್ಕ ವಿಶ್ರಾಂತಿಗೇ ಮರಳಿ ತುಂಬುತ್ತವೆ, ಮತ್ತು ಬೇರೆ ವರ್ಗದ ಮಂತ್ರಕ್ಕೂ ಬಳಸಬಹುದು. ಸಾರ್ಸರರ್ ಸ್ಲಾಟ್‌ಗಳನ್ನು ಅಂಕಗಳಾಗಿ, ಅಂಕಗಳನ್ನು ಹೊಸ ಸ್ಲಾಟ್‌ಗಳಾಗಿ ಮಾರ್ಪಡಿಸಬಲ್ಲ. ಎರಡನ್ನೂ ಬೆರೆಸಿದವನು ನಿದ್ದೆಯೇ ಮಾಡದೆ, ಚಿಕ್ಕ ವಿಶ್ರಾಂತಿಯ ಮೇಲೆ ಚಿಕ್ಕ ವಿಶ್ರಾಂತಿ ತೆಗೆದುಕೊಂಡು ಸ್ಲಾಟ್‌ಗಳ ರಾಶಿ ಹಾಕಬಹುದು ಎಂದು ಆಟಗಾರರು ಕಂಡುಕೊಂಡರು, ಹೆಸರು ಕಾಫಿಲಾಕ್. 2017ರ ಝನಾಥರ್ಸ್ ಗೈಡ್ ಟು ಎವ್ರಿಥಿಂಗ್ ಪುಸ್ತಕದಲ್ಲಿ ನಿದ್ದೆಗೆಟ್ಟವರು ದಣಿಯುವ ಐಚ್ಛಿಕ ನಿಯಮವಿದೆ. ಅದಿಲ್ಲದೆಯೂ ಡಂಜನ್ ಮಾಸ್ಟರ್ ಒಂದು ನಗೆಯಲ್ಲಿ ಇದನ್ನು ತಡೆಯಬಲ್ಲ.

ಇನ್ನು ಕೂಡದವುಗಳ ಪಟ್ಟಿ. ಫೈಟರ್ 5, ಬಾರ್ಬೇರಿಯನ್ 5 ಆದವನಿಗೆ ಎಕ್ಸ್‌ಟ್ರಾ ಅಟ್ಯಾಕ್ ಎರಡು ಬಾರಿ ಬಂದರೂ ಹೊಡೆತ ಎರಡೇ, ಮೂರಲ್ಲ. ಬಾರ್ಬೇರಿಯನ್ ಮತ್ತು ಮಾಂಕ್ ಇಬ್ಬರಿಗೂ ಕವಚವಿಲ್ಲದ ರಕ್ಷಣೆ ಉಂಟು. ಮೊದಲು ಬಂದದ್ದು ನಿಲ್ಲುತ್ತದೆ, ಎರಡನೆಯದು ಬರುವುದೇ ಇಲ್ಲ. ಆದರೆ ಡ್ರ್ಯಾಗನ್ ರಕ್ತದ ಸಾರ್ಸರರ್‌ನ ಚರ್ಮದ ರಕ್ಷಣೆ ಬೇರೆ ಹೆಸರಿನದು. ಮಾಂಕ್‌ಗೆ ಅದೂ ಸಿಗುತ್ತದೆ, ಎರಡರಲ್ಲಿ ಒಂದು ಲೆಕ್ಕ ಆರಿಸಿಕೊಳ್ಳಬೇಕು ಅಷ್ಟೆ. ಹೆಸರು ಒಂದೇ ಆದರೆ ಒಂದು ತೀರ್ಪು, ಬೇರೆಯಾದರೆ ಇನ್ನೊಂದು: ಹೊಸಬರಿಗೆ ಇದು ಕುತರ್ಕದಂತೆ ಕಂಡರೆ ಅಚ್ಚರಿಯಿಲ್ಲ.

ತೀರ್ಪು ಕೊಡುವವರು

ಪುಸ್ತಕ ಮೌನವಾದಲ್ಲಿ ಅಂತಿಮ ಮಾತು ಆ ಮೇಜಿನ ಡಂಜನ್ ಮಾಸ್ಟರ್‌ನದು. ಅದರಾಚೆಗೆ ಅಧಿಕೃತ ಉತ್ತರಗಳ ಪರಂಪರೆಯೂ ಇದೆ. ಡ್ರ್ಯಾಗನ್ ಪತ್ರಿಕೆಯಲ್ಲಿ 1979ರಲ್ಲಿ ಸೇಜ್ ಅಡ್ವೈಸ್ ಎಂಬ ಪ್ರಶ್ನೋತ್ತರ ಅಂಕಣ ಜೀನ್ ವೆಲ್ಸ್ ಅವರಿಂದ ಆರಂಭವಾಯಿತು. ಬಹುಕಾಲ ಅದನ್ನು ಸ್ಕಿಪ್ ವಿಲಿಯಮ್ಸ್ ನಡೆಸಿದರು. ಐದನೇ ಆವೃತ್ತಿಯ ಕಾಲಕ್ಕೆ ಜೆರೆಮಿ ಕ್ರಾಫರ್ಡ್ ಅದೇ ಹೆಸರಿನಲ್ಲಿ ಉತ್ತರ ಕೊಟ್ಟರು. ಈ ಉತ್ತರಗಳು ಬಹುತೇಕ ಅಕ್ಷರನಿಷ್ಠ. ನಿಯಮದ ಅಕ್ಷರ, ಬರೆದವರ ಇಂಗಿತ, ಮೇಜಿನ ಮೇಲಿನ ಸೊಗಸು ಮೂರೂ ಬೇರೆಬೇರೆ ಎಂದು ಕ್ರಾಫರ್ಡ್ ಅವರೇ ವಿಂಗಡಿಸಿ ಹೇಳಿದ್ದಾರೆ.

ಕಂಪ್ಯೂಟರ್ ಆಟಗಳಿಗೆ ಮೌನದ ಸವಲತ್ತಿಲ್ಲ. ಪ್ರೋಗ್ರಾಂ ಒಂದು ಉತ್ತರ ಆರಿಸಲೇಬೇಕು. ಬಯೋವೇರ್‌ನ ಬಾಲ್ಡರ್ಸ್ ಗೇಟ್, 1998ರಲ್ಲಿ, ಎರಡನೇ ಆವೃತ್ತಿಯ ದ್ವಿವರ್ಗವನ್ನು ಅಳವಡಿಸಿದಾಗ ದಂಡದ ಲೆಕ್ಕವನ್ನೇ ಬಿಟ್ಟು, ಹೊಸ ವರ್ಗ ಹಳೆಯದನ್ನು ಮೀರುವ ತನಕ ಹಳೆಯ ವಿದ್ಯೆಗೆ ಬೀಗ ಹಾಕಿತು. ಲಾರಿಯನ್ ಸ್ಟುಡಿಯೋಸ್‌ನ ಬಾಲ್ಡರ್ಸ್ ಗೇಟ್ 3, 2023ರಲ್ಲಿ, ಐದನೇ ಆವೃತ್ತಿಯ 13 ಅಂಕಗಳ ಅರ್ಹತೆಯನ್ನು ಕೈಬಿಟ್ಟಿತು. ಸ್ಲಾಟ್ ಇದ್ದರೆ ಸಾಕು, ಒಂದೇ ಲೆವೆಲ್ ವಿಝರ್ಡ್ ಕೂಡ ಫೈರ್‌ಬಾಲ್ ನಕಲು ಮಾಡಿಕೊಳ್ಳಬಹುದು ಎಂಬ ಓದನ್ನೇ ಅದು ಒಪ್ಪಿತು. ಎಕ್ಸ್‌ಟ್ರಾ ಅಟ್ಯಾಕ್ ವಿಷಯದಲ್ಲಂತೂ ಆ ಆಟ ಎರಡೂ ಪಕ್ಷಕ್ಕೆ ಜಾಗ ಕೊಟ್ಟಿದೆ: ಕತ್ತಿಯ ಒಪ್ಪಂದ ಮಾಡಿಕೊಂಡ ವಾರ್ಲಾಕ್‌ನ ಹೆಚ್ಚುವರಿ ಹೊಡೆತ ಬೇರೆ ವರ್ಗದ ಹೊಡೆತದ ಜೊತೆ ಸಾಮಾನ್ಯ ಆಟದಲ್ಲಿ ಕೂಡುತ್ತದೆ, ಅತಿ ಕಠಿಣವಾದ ಆನರ್ ಮೋಡ್‌ನಲ್ಲಿ ಕೂಡುವುದಿಲ್ಲ.